ಹೊಲಿಗೆ ಹಾಕಿಸಿದ ಮೇಲೂ ಹೊಟ್ಟೆ ಮುಟ್ಟಿ ನೋಡಬೇಕು

ದೊಡ್ಡ ಜಾತಿಯ ನಾಯಿ ಸಾಕಿದವರ ಮನೆಗಳಲ್ಲಿ ಈಚೆಗೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. "ಆಪರೇಷನ್ ಆಗೈತಲ್ರೀ, ಇನ್ನ ಹೊಟ್ಟಿ ಉಬ್ಬೋ ಚಿಂತಿ ಇಲ್ಲ." ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಡಾಬರ್‌ಮನ್ ಇರುವ ಮನೆಯವರು ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ, ಗರ್ಭಕೋಶ ತೆಗೆಸುವಾಗಲೇ ಗ್ಯಾಸ್ಟ್ರೋಪೆಕ್ಸಿಯನ್ನೂ, ಅಂದರೆ ಜಠರ ತಿರುಚದಂತೆ ಅದನ್ನು ಹೊಟ್ಟೆಯ ಒಳಗೋಡೆಗೆ ಹೊಲಿಯುವ ಆಪರೇಷನ್ನನ್ನೂ, ಮಾಡಿಸಿಕೊಂಡು ಬರುತ್ತಿದ್ದಾರೆ. ಅದು ತುಂಬ ಒಳ್ಳೆಯ ಬೆಳವಣಿಗೆ. ನನ್ನನ್ನು ಕಾಡುವುದು ಆ ಮಾತಿನ ಎರಡನೇ ಅರ್ಧ. ಚಿಂತೆ ಇಲ್ಲ ಎಂದುಕೊಂಡ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ನಾಯಿ ಓಕರಿಸುತ್ತ ಓಡಾಡಿದರೆ ಯಾರೂ ಎದ್ದು ಲೈಟು ಹಾಕುವುದಿಲ್ಲ.

ಜಠರ ಉಬ್ಬುವುದು ಒಂದು, ತಿರುಚಿಕೊಳ್ಳುವುದು ಇನ್ನೊಂದು. ಹೊಲಿಗೆ ತಡೆಯುವುದು ಎರಡನೆಯದನ್ನು. ಮೊದಲನೆಯದು ಆಪರೇಷನ್ ಆದ ನಾಯಿಗೂ ಬರಬಹುದು, ಬರುತ್ತದೆ.

ಜೋಲಿ ಮತ್ತು ಗೋಡೆ

ಸೀರೆಯ ಜೋಲಿಯನ್ನು ಮಕ್ಕಳು ಗರಗರ ತಿರುಗಿಸಿ ಆಡುವುದನ್ನು ನೋಡಿರುತ್ತೀರಿ. ತಿರುಗಿದಷ್ಟೂ ಎರಡೂ ತುದಿ ಹುರಿಗೊಂಡು ಬಿಗಿಯುತ್ತವೆ, ನಡುವೆ ಇದ್ದದ್ದು ಅಲ್ಲೇ ಸಿಕ್ಕಿಬೀಳುತ್ತದೆ. ಆಳವಾದ ಎದೆಗೂಡಿನ ನಾಯಿಯಲ್ಲಿ ಜಠರಕ್ಕೆ ಆಗುವುದು ಹೆಚ್ಚುಕಡಿಮೆ ಇದೇ. ಗಾಳಿ ತುಂಬಿದ ಜಠರ ತಿರುಗಿದಾಗ ಅನ್ನನಾಳದ ಕಡೆಯ ಬಾಯಿಯೂ ಮುಚ್ಚುತ್ತದೆ, ಕರುಳಿನ ಕಡೆಯ ಬಾಯಿಯೂ ಮುಚ್ಚುತ್ತದೆ. ಗಾಳಿ ಮೇಲೆ ಬರಲಾರದು, ಕೆಳಗೆ ಇಳಿಯಲಾರದು. ಉಬ್ಬಿದ ಜಠರ ಹಿಂಭಾಗದಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ರಕ್ತನಾಳವನ್ನು ಒತ್ತುತ್ತದೆ, ಹೃದಯಕ್ಕೆ ಬರುವ ರಕ್ತವೇ ಕಡಿಮೆಯಾಗಿ ನಾಯಿ ಶಾಕ್‌ಗೆ ಹೋಗುತ್ತದೆ. ಜಠರದ ಗೋಡೆಗೆ ರಕ್ತ ಸಿಗದೆ ಅದು ಕೊಳೆಯತೊಡಗುತ್ತದೆ, ಪಕ್ಕದ ಗುಲ್ಮವೂ (ಸ್ಪ್ಲೀನ್) ಜೊತೆಗೆ ಹೊರಳುತ್ತದೆ. ಇದೆಲ್ಲ ಕೆಲವೇ ಗಂಟೆಗಳ ಲೆಕ್ಕ.

ಗ್ಯಾಸ್ಟ್ರೋಪೆಕ್ಸಿಯಲ್ಲಿ ಜಠರದ ಕೆಳತುದಿಯನ್ನು, ಅಂದರೆ ಆಹಾರ ಕರುಳಿಗೆ ಇಳಿಯುವ ಬಾಯಿಯ ಹತ್ತಿರದ ಭಾಗವನ್ನು, ಬಲಗಡೆ ಕೊನೆಯ ಪಕ್ಕೆಲುಬಿನ ಹಿಂದೆ ಹೊಟ್ಟೆಯ ಒಳಗೋಡೆಗೆ ಕೂಡಿಸುತ್ತಾರೆ. ಜಠರದ ಹೊರಪದರದಲ್ಲಿ ನಾಲ್ಕೈದು ಸೆಂಟಿಮೀಟರ್ ಕೊಯ್ದು, ಗೋಡೆಯ ಮಾಂಸಖಂಡದಲ್ಲೂ ಅಷ್ಟೇ ಉದ್ದ ಕೊಯ್ದು, ಎರಡು ಹಸಿ ಅಂಚುಗಳನ್ನು ಸೇರಿಸಿ ಹೊಲಿಯುತ್ತಾರೆ. ಹೊಲಿಗೆಯ ದಾರ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಕರಗಿಹೋಗುತ್ತದೆ. ಆಮೇಲೆ ಹಿಡಿದಿಡುವುದು ಆ ಎರಡು ಗಾಯ ಒಂದಾಗಿ ಕೂಡಿದ ಕಲೆ. ಕೊಯ್ಯದೆ ಬರೀ ದಾರ ಹಾಕಿ ಕಟ್ಟಿದರೆ ಹಿಡಿತ ನಿಲ್ಲುವ ಭರವಸೆ ಇರುವುದಿಲ್ಲ. ಮೊದಲ ಎರಡು ಮೂರು ವಾರ ಜಿಗಿತ, ಮೆಟ್ಟಿಲು, ಮತ್ತೊಂದು ನಾಯಿಯ ಜೊತೆ ಕುಸ್ತಿ ಬೇಡ, ಹಗ್ಗ ಹಿಡಿದೇ ಓಡಾಡಿಸಿ ಎಂದು ಡಾಕ್ಟರ್ ಹೇಳುವುದು ಮೇಲಿನ ಚರ್ಮದ ಹೊಲಿಗೆಗಾಗಿ ಮಾತ್ರ ಅಲ್ಲ, ಒಳಗಿನ ಈ ಕೂಡಿಕೆಗಾಗಿ. ಹೊರಗಿನ ಹೊಲಿಗೆ 10ರಿಂದ 14 ದಿನಕ್ಕೆ ಬಿಚ್ಚಿದ ಕೂಡಲೇ ಓಡಲು ಬಿಡುವವರು ಇದನ್ನು ಮರೆಯುತ್ತಾರೆ.

ಜೋಲಿಯ ಒಂದು ಅಂಚನ್ನು ಗೋಡೆಗೆ ಮೊಳೆ ಹೊಡೆದು ಕಟ್ಟಿದ ಹಾಗಾಯಿತು. ಇನ್ನು ತಿರುಗದು. ತುಂಬಲು ಮಾತ್ರ ಏನೂ ಅಡ್ಡಿಯಿಲ್ಲ. ಲೆಕ್ಕ ಬೇಕೆಂದರೆ, ಒಮ್ಮೆ ತಿರುಚಿಕೊಂಡ ಜಠರವನ್ನು ಸರಿಮಾಡಿ ಹಾಗೇ ಬಿಟ್ಟರೆ 100ರಲ್ಲಿ 50ಕ್ಕೂ ಹೆಚ್ಚು ನಾಯಿಗಳಿಗೆ ಮತ್ತೆ ತಿರುಚುತ್ತದೆ. ಗೋಡೆಗೆ ಕೂಡಿಸಿದರೆ ಅದು 5ರ ಆಸುಪಾಸಿಗೆ ಇಳಿಯುತ್ತದೆ. ಇಷ್ಟು ಫಲ ಕೊಡುವ ಆಪರೇಷನ್ ಅಪರೂಪ. ಆದರೂ ಅದು ಸೊನ್ನೆ ಅಲ್ಲ, ಮತ್ತು ಬರೀ ಉಬ್ಬರ ಈ ಲೆಕ್ಕದಲ್ಲಿ ಸೇರಿಯೇ ಇಲ್ಲ. ಗುಲ್ಮ ತಾನೊಂದೇ ಹೊರಳುವುದು, ಶೆಫರ್ಡ್‌ಗಳಲ್ಲಿ ಕೆಲವೊಮ್ಮೆ ಆಗುವ ಕರುಳಿನ ತಿರುಚು, ಇವನ್ನೂ ಈ ಹೊಲಿಗೆ ತಡೆಯುವುದಿಲ್ಲ.

ಗಂಗಾವತಿಯ ಗಿರಣಿ

ಗಂಗಾವತಿಯ ಒಂದು ಅಕ್ಕಿ ಗಿರಣಿಯ ಕಾಂಪೌಂಡಿನಲ್ಲಿ ಒಂದು ಗ್ರೇಟ್ ಡೇನ್ ಇದೆ. ಹೊಲಿಗೆ ಹಾಕಿಸಿ ಎಂಟು ತಿಂಗಳಾಗಿತ್ತು. ಮೇ ತಿಂಗಳ ಕೊನೆ, ರಾತ್ರಿ ಕೂಡ ಕಾದ ಗಾಳಿ. ಮನೆಯಲ್ಲಿ ಕಾರ್ಯಕ್ರಮ ಇತ್ತು, ಉಳಿದ ಕುಸ್ಕಾವನ್ನು ಯಾರೋ ಒಂದು ಬೋಗುಣಿ ತುಂಬ ಒಂಬತ್ತೂವರೆಗೆ ಸುರಿದಿದ್ದರು. ನಾಯಿ ಎರಡು ನಿಮಿಷದಲ್ಲಿ ಮುಗಿಸಿ, ಬಕೆಟ್ಟಿಗೆ ಮುಖವಿಟ್ಟು ಅರ್ಧ ಬಕೆಟ್ ನೀರು ಕುಡಿದಿತ್ತು. ಹನ್ನೊಂದೂಕಾಲಿಗೆ ಕಾವಲಿನ ತಾತ ಬಾಗಿಲು ತಟ್ಟಿದ.

"ಅಮ್ಮಾರ, ನಾಯಿ ವಾಂತಿ ಮಾಡಾಕ ನೋಡ್ತೈತಿ, ಏನೂ ಬರವಲ್ದು."

"ಹುಲ್ಲು ತಿಂದಿರಬೇಕು ಬಿಡು ತಾತಾ. ಅದಕ್ಕ ಆಪರೇಷನ್ ಆಗೈತಲ್ಲ."

"ಹುಲ್ಲು ತಿಂದಿದ್ರ ಹುಲ್ಲಾರ ಬೀಳಬೇಕಲ್ರೀ ಅಮ್ಮಾರ. ಬರೇ ನೊರಿ ಬೀಳಾಕ ಹತ್ತೈತಿ. ಕುಂದ್ರವಲ್ದು, ಮಲಗವಲ್ದು."

ಈ ರೋಗದ ಬಗ್ಗೆ ಹೇಳಬೇಕಾದದ್ದರಲ್ಲಿ ಮುಕ್ಕಾಲು ಪಾಲು ತಾತನ ಆ ಎರಡು ಮಾತಿನಲ್ಲಿದೆ. ಓಕರಿಕೆ ಬರುತ್ತದೆ, ಹೊಟ್ಟೆಯಿಂದ ಏನೂ ಬೀಳುವುದಿಲ್ಲ, ಬಿದ್ದರೆ ಅಂಟಂಟಾದ ಬಿಳಿ ನೊರೆ. ನಾಯಿ ಕೂರುತ್ತದೆ, ಏಳುತ್ತದೆ, ನಾಲ್ಕು ಹೆಜ್ಜೆ ಹೋಗುತ್ತದೆ, ತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತದೆ. ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಎತ್ತಿ ನಿಲ್ಲುತ್ತದೆ. ಜೊಲ್ಲು ದಾರದಂತೆ ಇಳಿಯುತ್ತದೆ. ಹೊಟ್ಟೆ ಉಬ್ಬಿದ್ದು ಕಣ್ಣಿಗೆ ಕಾಣಲೇಬೇಕೆಂದಿಲ್ಲ. ಡೇನ್, ಡಾಬರ್‌ಮನ್, ನಮ್ಮ ಮುಧೋಳದಂಥ ಆಳ ಎದೆಯ ನಾಯಿಯಲ್ಲಿ ಜಠರ ಪಕ್ಕೆಲುಬಿನ ಒಳಗೇ ಅಡಗಿರುತ್ತದೆ, ಹೊರಗೆ ಕಾಣುವಷ್ಟು ಉಬ್ಬುವ ಹೊತ್ತಿಗೆ ತಡವಾಗಿರುತ್ತದೆ.

ಆ ಮನೆಯವರು ಮಾಡಿದ್ದ ಒಂದು ಒಳ್ಳೆಯ ಕೆಲಸ, ಆಪರೇಷನ್ ಆದ ಮೇಲೆ ಟೇಲರ್ ಟೇಪಿನಿಂದ ನಾಯಿಯ ಹೊಟ್ಟೆ ಅಳೆದು ಬರೆದಿಟ್ಟದ್ದು. ಖಾಲಿ ಹೊಟ್ಟೆಗೆ 76 ಸೆಂಟಿಮೀಟರ್, ಉಂಡ ಮೇಲೆ 79. ಆ ರಾತ್ರಿ ಟೇಪು 86 ತೋರಿಸಿತು. ಒಸಡು ಇನ್ನೂ ಗುಲಾಬಿ ಬಣ್ಣದ್ದೇ ಇತ್ತು, ಹೃದಯದ ಬಡಿತ ನಿಮಿಷಕ್ಕೆ 128. ಡಾಕ್ಟರ್ ಬಂದು, ಕೈಗೆ ಸಲೈನ್ ಹಚ್ಚಿ, ಬಾಯಿಯಲ್ಲಿ ಬ್ಯಾಂಡೇಜಿನ ಉರುಳೆ ಇಟ್ಟು ಅದರ ತೂತಿನಿಂದ ಕೊಳವೆ ಇಳಿಸಿದಾಗ ಹುಳಿ ನಾತದ ಗಾಳಿ ಬುಸ್ಸೆಂದು ಬಂತು. ಟೇಪು 81ಕ್ಕೆ ಇಳಿಯಿತು. ಆಮೇಲೆ ತೆಗೆಸಿದ ಎಕ್ಸ್‌ರೇಯಲ್ಲಿ ಜಠರ ದೊಡ್ಡದಾಗಿ ಕಂಡರೂ ತಿರುಚಿರಲಿಲ್ಲ. ಎಕ್ಸ್‌ರೇ ಏಕೆ ಬೇಕು ಎಂದರೆ, ಕೊಳವೆ ಇಳಿಯಿತು ಎಂಬುದೊಂದರಿಂದಲೇ ತಿರುಚಿಲ್ಲ ಎಂದು ಹೇಳಲು ಬರುವುದಿಲ್ಲ, ತಿರುಚಿದ ಜಠರಕ್ಕೂ ಕೆಲವೊಮ್ಮೆ ಕೊಳವೆ ಇಳಿದುಬಿಡುತ್ತದೆ. ನಾಯಿಯನ್ನು ಬಲಮಗ್ಗುಲಿಗೆ ಮಲಗಿಸಿ ತೆಗೆದ ಚಿತ್ರದಲ್ಲಿ ನಡುವೆ ಗೆರೆ ಬಿದ್ದು ಎರಡು ಗಾಳಿಗುಳ್ಳೆ ಕಂಡರೆ ಅದು ತಿರುಚಿದ ಜಠರ.

ಹೊಲಿಗೆ ಆ ನಾಯಿಗೆ ಕೊಟ್ಟದ್ದು ಹೊತ್ತು. ಹೊಲಿಗೆ ಇಲ್ಲದಿದ್ದರೆ ಅಷ್ಟು ಉಬ್ಬಿದ ಜಠರ ಹೊರಳಲು ಹೆಚ್ಚು ಹೊತ್ತು ಬೇಕಾಗಿರಲಿಲ್ಲ. ಆದರೆ ಆ ಹೊತ್ತನ್ನು ಮನೆಯಲ್ಲಿ ಕಾದು ಕಳೆದಿದ್ದರೆ? ತಿರುಚದೆ ಬರೀ ಉಬ್ಬಿದ ಜಠರವೂ ರಕ್ತನಾಳವನ್ನು ಒತ್ತುತ್ತದೆ, ಅದೂ ನಾಯಿಯನ್ನು ಕೊಲ್ಲಬಲ್ಲದು. ನಮ್ಮ ಕಡೆ ಆ ಹೊತ್ತು ರಸ್ತೆಗೇ ಬೇಕು.

ದನದ ಉಬ್ಬರ ಬೇರೆ, ನಾಯಿಯದು ಬೇರೆ

ರಾಯಚೂರು, ಕೊಪ್ಪಳ, ಬಳ್ಳಾರಿಯ ಒಕ್ಕಲುತನದ ಮನೆಗಳಿಗೆ ಹೊಟ್ಟೆಯುಬ್ಬರ ಹೊಸದಲ್ಲ. ಹಸಿ ಮೇವು ಹೆಚ್ಚು ತಿಂದ ಎಮ್ಮೆಯ ಎಡಪಕ್ಕೆಯ ಕುಳಿ ತುಂಬಿಕೊಂಡು ಎದ್ದು ನಿಲ್ಲುವುದನ್ನು ಎಲ್ಲರೂ ನೋಡಿದ್ದಾರೆ. ಶೇಂಗಾ ಎಣ್ಣೆ ಕುಡಿಸಿದರೆ ನೊರೆ ಒಡೆದು ಗಾಳಿ ಹೋಗುತ್ತದೆ ಎನ್ನುವುದೂ ಗೊತ್ತು, ಅದು ದನಕ್ಕೆ ನಿಜವೂ ಹೌದು. ಆ ತಿಳಿವಳಿಕೆಯೇ ನಾಯಿಯ ವಿಷಯದಲ್ಲಿ ಎಡವುವಂತೆ ಮಾಡುತ್ತದೆ. ಸಿಂಧನೂರಿನ ಹತ್ತಿರದ ಒಂದು ಹೊಲಮನೆಯಲ್ಲಿ ಶೆಫರ್ಡ್ ಓಕರಿಸುತ್ತಿದ್ದಾಗ ಹಿರಿಯರು ಅದರ ಬಾಯಿ ಎತ್ತಿ ಹಿಡಿದು ಎಣ್ಣೆ, ಅಜವಾನ ಕುದಿಸಿದ ನೀರು ಎರಡನ್ನೂ ಹೊಯ್ದರು. ಪ್ರೀತಿಯಿಂದಲೇ ಹೊಯ್ದರು, ಅವರ ಕೈಯಿಂದ ಎಷ್ಟೋ ದನ ಉಳಿದಿದ್ದವು. ಒಳಗೆ ಹೋಗಲು ಜಾಗವಿಲ್ಲದ ಎಣ್ಣೆ ಓಕರಿಕೆಯ ಜೊತೆ ಶ್ವಾಸಕೋಶಕ್ಕೆ ಇಳಿಯಿತು. ಹೊಟ್ಟೆಯ ಗಾಳಿಯನ್ನು ಡಾಕ್ಟರ್ ತೆಗೆದರು, ನಾಯಿ ಮೂರನೇ ದಿನ ನ್ಯುಮೋನಿಯಾದಿಂದ ಹೋಯಿತು.

ಓಕರಿಕೆ ಶುರುವಾದ ಮೇಲೆ ಬಾಯಿಯಿಂದ ಏನೂ ಬೇಡ. ಎಣ್ಣೆ, ಸೋಡಾ, ಮಜ್ಜಿಗೆ, ಗ್ಯಾಸಿನ ಗುಳಿಗೆ ಯಾವುದೂ ಬೇಡ. ನೋವಿನ ಗುಳಿಗೆಯಂತೂ ಖಂಡಿತ ಬೇಡ. ಮನುಷ್ಯರ ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಯ ಜಠರಕ್ಕೂ ಮೂತ್ರಪಿಂಡಕ್ಕೂ ವಿಷವಿದ್ದಂತೆ.

ದನ ನೋಡುವ ಡಾಕ್ಟರನ್ನು ಈ ಕೆಲಸಕ್ಕೆ ಕಡೆಗಣಿಸಬೇಡಿ ಎಂದೂ ಇಲ್ಲೇ ಹೇಳಿಬಿಡುತ್ತೇನೆ. ಉಬ್ಬಿದ ಹೊಟ್ಟೆಯಿಂದ ಗಾಳಿ ತೆಗೆದು ಕೈ ಪಳಗಿದವರು ನಮ್ಮ ತಾಲೂಕುಗಳಲ್ಲಿ ಅವರೇ. 14 ಅಥವಾ 16 ಗೇಜಿನ ದಪ್ಪ ಸೂಜಿ, ಸಲೈನ್ ಅವರ ಬಳಿ ಇರುತ್ತದೆ. ಬೆರಳಿನಿಂದ ತಟ್ಟಿ, ಹಲಗಿಯಂತೆ ಸದ್ದು ಬರುವ ಜಾಗ ಹುಡುಕಿ, ಕೂದಲು ತೆಗೆದು ಶುಚಿ ಮಾಡಿ, ಗುಲ್ಮ ತಪ್ಪಿಸಿ ಸೂಜಿ ಹಾಕಿ ಗಾಳಿ ಬಿಟ್ಟರೆ ದೂರದ ಆಸ್ಪತ್ರೆ ಮುಟ್ಟುವವರೆಗೆ ನಾಯಿ ತಾಳುತ್ತದೆ. ಇದು ಡಾಕ್ಟರ್ ಕೈಯ ಕೆಲಸ, ಮನೆಯವರು ಕೈ ಹಾಕುವಂಥದ್ದಲ್ಲ. ದನದಲ್ಲಿ ಎಡಗಡೆ ಚುಚ್ಚುವ ಲೆಕ್ಕ ನಾಯಿಗೆ ಹೊಂದುವುದಿಲ್ಲ, ಅದರಲ್ಲೂ ಜಠರ ಬಲಗೋಡೆಗೆ ಕೂಡಿಕೊಂಡ ನಾಯಿಯಲ್ಲಿ. ಆದ್ದರಿಂದ ಹೊಲಿಗೆ ಆಗಿದೆ ಎಂದು ಡಾಕ್ಟರ್ ಸೂಜಿ ತೆಗೆಯುವ ಮೊದಲೇ ಹೇಳಬೇಕು.

ಟೇಪು, ಹೆಬ್ಬೆರಳು, ಗಡಿಯಾರ

ಟೇಪಿನ ಕೆಲಸ ಸುಲಭ. ನಾಯಿ ನಿಂತಿರಲಿ. ಕೊನೆಯ ಪಕ್ಕೆಲುಬಿನ ಬೆನ್ನಿಗೇ ಹಿಂದೆ ಟೇಪು ಸುತ್ತಿ, ಉಸಿರು ಬಿಟ್ಟಾಗ ಓದಿಕೊಳ್ಳಿ, ಬಿಗಿಯಬೇಡಿ. ಒಂದು ವಾರ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಉಂಡು ಒಂದು ಗಂಟೆಯ ಮೇಲೆ, ಮತ್ತೆ ಮಲಗುವ ಮುನ್ನ ಅಳೆದು ಬರೆದರೆ ನಿಮ್ಮ ನಾಯಿಯ ಅಳತೆ ನಿಮಗೆ ಸಿಗುತ್ತದೆ. ಆಮೇಲೆ ದಿನಾ ಅಳೆಯಬೇಕಿಲ್ಲ, ಅನುಮಾನ ಬಂದಾಗ ಸಾಕು. ಪಕ್ಕದ ಮನೆಯ ನಾಯಿಯ ಅಳತೆ ಉಪಯೋಗಕ್ಕೆ ಬಾರದು. ತೂಕ ಏರಿದರೆ ಇಳಿದರೆ ಹೊಸದಾಗಿ ಬರೆಯಬೇಕು. ಉಂಡ ಮೇಲಿನ ಮಾಮೂಲು ಅಳತೆಗಿಂತ ಮೂರು ನಾಲ್ಕು ಸೆಂಟಿಮೀಟರ್ ಹೆಚ್ಚಿದ್ದು ನಾಯಿಗೆ ಚಡಪಡಿಕೆಯೂ ಇದ್ದರೆ ಫೋನು ಕೈಗೆ ತೆಗೆದುಕೊಳ್ಳಿ. ಟೇಪು ಮಾಮೂಲೇ ತೋರಿಸಿದರೂ ಖಾಲಿ ಓಕರಿಕೆ ಇದ್ದರೆ ಓಕರಿಕೆಯನ್ನೇ ನಂಬಬೇಕು.

ಅನ್ನ ತುಂಬಿದ ಹೊಟ್ಟೆಯನ್ನು ಬೆರಳಿನಿಂದ ತಟ್ಟಿದರೆ ಜೋಳದ ಚೀಲ ತಟ್ಟಿದ ಹಾಗೆ ಮಂದ ಸದ್ದು. ಗಾಳಿ ತುಂಬಿದ್ದರೆ ಟಣ್ ಎನ್ನುವ ಬಿಗಿ ಸದ್ದು. ನಾಯಿ ಆರೋಗ್ಯವಾಗಿರುವಾಗಲೇ ನಾಲ್ಕಾರು ಸಲ ತಟ್ಟಿ ಕೇಳಿಟ್ಟುಕೊಂಡವರಿಗೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ಒಸಡು ನೋಡುವುದು ಹೀಗೆ. ಮೇಲ್ತುಟಿ ಎತ್ತಿ ಕೋರೆಹಲ್ಲಿನ ಮೇಲಿನ ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾದ ಜಾಗ ಎರಡು ಸೆಕೆಂಡಿನ ಒಳಗೆ ಮತ್ತೆ ಗುಲಾಬಿಯಾಗಬೇಕು. ಬಣ್ಣ ಮರಳಲು ತಡವಾದರೆ, ಒಸಡು ಸುಣ್ಣದಂತೆ ಬಿಳಿಚಿದ್ದರೆ, ಇಲ್ಲವೇ ಇಟ್ಟಿಗೆ ಕೆಂಪಾಗಿದ್ದರೆ, ಶಾಕ್ ಶುರುವಾಗಿದೆ. ಒಸಡೇ ಕಪ್ಪಾಗಿರುವ ನಾಯಿಯಲ್ಲಿ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ. ಹೃದಯದ ಬಡಿತವನ್ನು ಎಡ ಮೊಣಕೈಯ ಹಿಂದೆ ಎದೆಗೆ ಅಂಗೈ ಇಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಸುಮ್ಮನಿದ್ದ ದೊಡ್ಡ ನಾಯಿಗೆ 60ರಿಂದ 100ರ ಸುತ್ತ ಇರುತ್ತದೆ. ಓಡಾಡದೆಯೂ 120 ದಾಟಿ ನಿಂತರೆ ಅದು ಎಚ್ಚರಿಕೆ.

ಹೊಲಿಗೆ ಆದ ನಾಯಿಯಲ್ಲಿ ಮೋಸ ಮಾಡುವುದು ಇಲ್ಲೇ. ತಿರುಚಿಕೊಳ್ಳದ ಕಾರಣ ಒಸಡು ಹೆಚ್ಚು ಹೊತ್ತು ಚೆನ್ನಾಗಿಯೇ ಕಾಣಬಹುದು, ನಾಯಿ ಕರೆದರೆ ಬಾಲ ಅಲ್ಲಾಡಿಸಬಹುದು. ಅದನ್ನು ನೋಡಿ ಬೆಳಗಿನವರೆಗೆ ಕಾಯೋಣ ಎನಿಸುತ್ತದೆ. ಒಸಡು ಬಿಳಿಚುವುದನ್ನು ಕಾಯಬೇಡಿ. ಖಾಲಿ ಓಕರಿಕೆ, ಚಡಪಡಿಕೆ ಎರಡೂ ಇದ್ದರೆ ಹೊರಡಲು ಅಷ್ಟೇ ಸಾಕು.

ಬೇಸಿಗೆಯಲ್ಲಿ ಇನ್ನೊಂದು ಗೊಂದಲ ಇದೆ. ರಾಯಚೂರು, ಬಳ್ಳಾರಿಯ 40 ಡಿಗ್ರಿ ದಾಟುವ ದಿನಗಳಲ್ಲಿ ನಾಯಿ ತೇಕುವುದು, ಜೊಲ್ಲು ಸುರಿಸುವುದು, ಸುಸ್ತಾಗುವುದು ಬಿಸಿಲಿನಿಂದಲೂ ಇರಬಹುದು. ಥರ್ಮಾಮೀಟರನ್ನು ಗುದದ್ವಾರದಲ್ಲಿಟ್ಟು ನೋಡಿದಾಗ 40.5 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಬಿಸಿಲಿನ ಹೊಡೆತದ ಕಡೆ ಬೆರಳು ತೋರಿಸುತ್ತದೆ, ಮೈಗೆ ನೀರು ಹಾಕಿ ಗಾಳಿ ಬೀಸುತ್ತಲೇ ಹೊರಡಬೇಕು. ಎರಡೂ ತುರ್ತೇ, ಯಾವುದೆಂದು ತೀರ್ಮಾನಿಸಲು ಮನೆಯಲ್ಲಿ ಕೂರಬೇಕಿಲ್ಲ.

ಉಣ್ಣಿಸುವ ಹೊತ್ತು

ನಮ್ಮಲ್ಲಿ ನಾಯಿಯ ಊಟ ಮನೆಯವರ ಊಟ ಮುಗಿದ ಮೇಲೆ. ರಾತ್ರಿ ಹತ್ತಕ್ಕೆ ಉಳಿದ ಅನ್ನ, ಸಾರು, ಮುರಿದ ರೊಟ್ಟಿ, ಚಿಕನ್ ಅಂಗಡಿಯಿಂದ ತಂದ ತುಂಡುಗಳು ಎಲ್ಲ ಕಲಸಿ ಒಂದೇ ಸಲ. ದಿನಕ್ಕೊಂದೇ ದೊಡ್ಡ ಊಟ, ಗಬಗಬ ತಿನ್ನುವುದು, ಎರಡೂ ಈ ರೋಗಕ್ಕೆ ದಾರಿ ಮಾಡುತ್ತವೆ ಎಂದು ತಿಳಿದಿದೆ. ನನಗೆ ಅದಕ್ಕಿಂತ ಕೆಟ್ಟದ್ದೆನಿಸುವುದು ಆ ಹೊತ್ತು. ಉಂಡ ನಂತರದ ಕೆಲವು ಗಂಟೆಗಳನ್ನೇ ಗಮನಿಸಬೇಕು, ಆಗಲೇ ಮನೆಯೆಲ್ಲ ನಿದ್ದೆಯಲ್ಲಿರುತ್ತದೆ, ಡಾಕ್ಟರ್ ಫೋನು ಸೈಲೆಂಟಿನಲ್ಲಿರುತ್ತದೆ. ಅದೇ ಆಹಾರವನ್ನು ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಆರಕ್ಕೆ ಮೂರು ಪಾಲು ಮಾಡಿ. ಸಂಜೆಯ ಊಟದ ಮೇಲೆ ನಾಲ್ಕು ಗಂಟೆ ಮನೆಯವರ ಕಣ್ಣು ತಾನಾಗಿಯೇ ನಾಯಿಯ ಮೇಲಿರುತ್ತದೆ.

ಗಬಗಬ ತಿನ್ನುವ ನಾಯಿಗೆ ದುಬಾರಿ ಬಟ್ಟಲು ಬೇಕಿಲ್ಲ. ದೊಡ್ಡ ಪರಾತದಲ್ಲಿ ಆಹಾರ ತೆಳ್ಳಗೆ ಹರಡಿ, ನಡುವೆ ಒಂದು ಭಾರದ ಬಟ್ಟಲು ಬೋರಲು ಹಾಕಿ. ಸುತ್ತ ನೆಕ್ಕುತ್ತ ತಿನ್ನಲು ಹತ್ತು ನಿಮಿಷ ಹಿಡಿಯುತ್ತದೆ. ಎತ್ತರದ ಸ್ಟ್ಯಾಂಡಿನ ಮೇಲೆ ಬಟ್ಟಲಿಟ್ಟರೆ ಉಬ್ಬರ ಬರುವುದಿಲ್ಲ ಎಂದು ಅಂಗಡಿಯಲ್ಲಿ ಹೇಳಿ ಮಾರುತ್ತಾರೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಉಲ್ಟಾ, ಎತ್ತರದ ಬಟ್ಟಲಿನ ನಾಯಿಗಳಿಗೇ ಅಪಾಯ ಹೆಚ್ಚಿತ್ತು. ಆಮೇಲಿನ ಅಧ್ಯಯನಗಳೆಲ್ಲ ಅದನ್ನೇ ಹೇಳಿಲ್ಲ. ಕತ್ತಿನ ಅಥವಾ ಅನ್ನನಾಳದ ತೊಂದರೆಗೆ ಡಾಕ್ಟರ್ ಹೇಳಿದ್ದರೆ ಸರಿ, ಇಲ್ಲದಿದ್ದರೆ ನೆಲವೇ ಸಾಕು.

ಒಣ ಆಹಾರದ ಚೀಲ, ದೋಸೆ ಹಿಟ್ಟಿನ ಪಾತ್ರೆ, ಹಿಂಡಿ, ತೌಡು, ಇವು ನಾಯಿಯ ಬಾಯಿಗೆ ಸಿಗದಂತೆ ಮುಚ್ಚಳ ಬಿಗಿದಿರಲಿ. ಒಣ ಆಹಾರವನ್ನು ಚೀಲದಿಂದಲೇ ಕದ್ದು ತಿಂದು ನೀರು ಕುಡಿದ ನಾಯಿಯ ಹೊಟ್ಟೆಯಲ್ಲಿ ಅದು ಅರಳುತ್ತದೆ, ಹುದುಗುವ ಹಿಟ್ಟು ಹೊಟ್ಟೆಯ ಬೆಚ್ಚಗಿನಲ್ಲಿ ಹುದುಗುತ್ತಲೇ ಇರುತ್ತದೆ. ನೀರನ್ನು ಮಾತ್ರ ತಡೆಯಬೇಡಿ. ನಮ್ಮ ಬಿಸಿಲಿಗೆ ಅದು ಬೇರೆಯದೇ ಅನಾಹುತ. ಓಡಿ ಬಂದ ನಾಯಿಗೆ ಸ್ವಲ್ಪ ಸ್ವಲ್ಪವಾಗಿ ಐದೈದು ನಿಮಿಷಕ್ಕೊಮ್ಮೆ ಕೊಡಿ, ದಿನವಿಡೀ ನೆರಳಿನಲ್ಲಿ ನೀರು ಇದ್ದರೆ ಬಕೆಟ್ಟಿಗೆ ಮುಗಿಬೀಳುವುದಿಲ್ಲ. ಪಟಾಕಿಗೆ ಹೆದರುವ ನಾಯಿ ತೇಕುತ್ತ ಗಾಳಿ ನುಂಗುತ್ತದೆ, ದೀಪಾವಳಿಯ ರಾತ್ರಿ ಊಟವನ್ನು ಪಟಾಕಿ ಶುರುವಾಗುವ ಮೊದಲೇ ಮುಗಿಸಿ, ಪ್ರಮಾಣವನ್ನೂ ಕಡಿಮೆ ಮಾಡಿ.

ರಸ್ತೆ

ನಾಯಿ ಚೆನ್ನಾಗಿರುವ ಒಂದು ಹಗಲು ಹತ್ತಿರದ ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ. ರಾತ್ರಿ ಕರೆದರೆ ಬರುತ್ತೀರಾ, ದೊಡ್ಡ ನಾಯಿಗೆ ಹೊಂದುವ ಜಠರದ ಕೊಳವೆ ಇದೆಯೇ, ಎಕ್ಸ್‌ರೇ ಎಲ್ಲಿ, ಹೊಟ್ಟೆ ತೆರೆಯಬೇಕಾದರೆ ಯಾರ ಬಳಿ ಕಳಿಸುತ್ತೀರಿ. ಕೊಪ್ಪಳದವರಿಗೆ ಗದಗದ ಪಶುವೈದ್ಯಕೀಯ ಕಾಲೇಜು ಸುಮಾರು 60 ಕಿಲೋಮೀಟರ್. ಬಳ್ಳಾರಿಯಿಂದ ಬೆಂಗಳೂರು 300 ದಾಟುತ್ತದೆ, ರಾಯಚೂರಿನಿಂದ ಹೈದರಾಬಾದ್ 200ರ ಆಸುಪಾಸು. ಅಷ್ಟು ದೂರವನ್ನು ಉಬ್ಬಿದ ಹೊಟ್ಟೆಯಲ್ಲೇ ಕರೆದುಕೊಂಡು ಹೋಗುವಂತಿಲ್ಲ. ಮೊದಲು ಹತ್ತಿರದಲ್ಲಿ ಗಾಳಿ ತೆಗೆಸಿ, ಸಲೈನ್ ಹಚ್ಚಿಸಿ, ಆಮೇಲೆ ದೂರದ ದಾರಿ. 1962 ಪಶು ಸಹಾಯವಾಣಿ ಮುಖ್ಯವಾಗಿ ಜಾನುವಾರಿಗೆ ನಿಂತದ್ದು, ನಾಯಿಗೆ ಯಾವ ಹೊತ್ತಿನಲ್ಲಿ ಏನು ಸಿಗುತ್ತದೆ ಎಂದು ಅದನ್ನೂ ಮೊದಲೇ ಕೇಳಿ.

ಆಪರೇಷನ್ ಮಾಡಿದವರಿಂದ ಒಂದು ಚೀಟಿ ತಪ್ಪದೆ ಬರೆಸಿಕೊಳ್ಳಿ. ದಿನಾಂಕ, ಯಾವ ವಿಧಾನ, ಜಠರವನ್ನು ಗೋಡೆಗೆ ಎಲ್ಲಿ ಕೂಡಿಸಿದೆ, ಇಷ್ಟಿರಬೇಕು. ಮುಂದೆ ಯಾವ ಕಾರಣಕ್ಕೆ ಹೊಟ್ಟೆ ತೆರೆದರೂ ಕತ್ತರಿ ಎಲ್ಲಿ ಹಾಕಬಾರದು ಎಂದು ಹೇಳುವುದು ಆ ಚೀಟಿ. ಅದರ ಫೋಟೋ ಮನೆಯ ಮೂವರ ಫೋನಿನಲ್ಲಾದರೂ ಇರಲಿ, ಅಸಲು ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಪ್ಲಾಸ್ಟಿಕ್ ಕವರಿನಲ್ಲಿರಲಿ. ಹೊರಡುವಾಗ ನಾಯಿಯನ್ನು ಹೊಟ್ಟೆಯ ಕೆಳಗೆ ಕೈ ಕೊಟ್ಟು ಎತ್ತಬೇಡಿ. ನಡೆಯುತ್ತಿದ್ದರೆ ನಡೆಸಿ ಹತ್ತಿಸಿ, ಇಲ್ಲದಿದ್ದರೆ ಕಂಬಳಿಯ ನಾಲ್ಕು ಮೂಲೆ ಹಿಡಿದು ಎತ್ತಿ. ನಿಂತೇ ಇರುತ್ತೇನೆ ಎಂದರೆ ಬಿಡಿ, ಬಲವಂತವಾಗಿ ಮಲಗಿಸಬೇಡಿ. ಒಬ್ಬರು ಗಾಡಿ ಓಡಿಸಿದರೆ ಇನ್ನೊಬ್ಬರು ಹಿಂದೆ ಕೂತು ಓಕರಿಕೆ ಶುರುವಾದ ಸಮಯ, ಕೊನೆಯ ಊಟದ ಸಮಯ, ಟೇಪಿನ ಅಳತೆ ಫೋನಿನಲ್ಲಿ ಡಾಕ್ಟರಿಗೆ ಹೇಳಲಿ.

ಗಾಳಿ ಹೋಗಿ ನಾಯಿ ಬಾಲ ಬೀಸಿದ ಮೇಲೆ ಮುಗಿಯಿತು ಎಂದುಕೊಳ್ಳುವಂತಿಲ್ಲ. ತುಂಬ ಉಬ್ಬಿದ ಜಠರದ ನಂತರ ಎರಡು ಮೂರು ದಿನ ಹೃದಯದ ಲಯ ತಪ್ಪುವ ಸಂಭವ ಇರುತ್ತದೆ, ಅದಕ್ಕೇ ಡಾಕ್ಟರ್ ಇಟ್ಟುಕೊಂಡು ನೋಡೋಣ ಎನ್ನುವುದು. ಗಿರಣಿಯ ನಾಯಿಗೆ ಮಾರನೇ ದಿನ ಮಧ್ಯಾಹ್ನದವರೆಗೆ ಬರೀ ಸಲೈನ್, ಆಮೇಲೆ ಮೆತ್ತಗೆ ಬೇಯಿಸಿದ ನುಚ್ಚಕ್ಕಿ ಅನ್ನ, ಕೋಳಿಯ ತುಂಡು, ಒಂದು ಹಿಡಿಯಷ್ಟು, ದಿನಕ್ಕೆ ಐದು ಸಲ. ವಾರದ ಮೇಲೆ ಸ್ಕ್ಯಾನಿಂಗ್ ಮಾಡಿಸಿ ಜಠರ ಗೋಡೆಗೆ ಅಂಟಿಕೊಂಡೇ ಇದೆಯೇ ಎಂದು ನೋಡಿಸಿದರು. ಅಂಟಿಕೊಂಡಿತ್ತು. ಕುಸ್ಕಾದ ಬೋಗುಣಿ ಈಗ ಕೋಣೆಯೊಳಗಿದೆ, ಸಂಜೆ ಆರರ ಊಟವನ್ನು ತಾತನೇ ಪರಾತದಲ್ಲಿ ಹರಡಿ ಹಾಕುತ್ತಾನೆ, ಹತ್ತೂವರೆಗೆ ಟೇಪು ಹಿಡಿದು ಒಂದು ಸುತ್ತು ಬರುತ್ತಾನೆ.